ದುಗ್ಗಣ್ಣ ಬರೆದ ಏಳನೇ ಪುಟ

ದುಗ್ಗು ಸಾಲ್ಯಾನ್ ತೀರಿಹೋಗಿ ಆರು ವಾರವಾಯಿತು. ದೋಹಾದ ನಮ್ಮ ತುಳುವರ ಸಂಘದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕಾರ್ಯದರ್ಶಿ ರೋಶನ್ ಫೋನ್ ಮಾಡಿದ. ಕೊನೆಗೆ ಒಂದು ಮಾತು ಸೇರಿಸಿದ: "ಕೆಲಸ ಹೋದದ್ದೆಲ್ಲ ಬೇಡ. ಆರೋಗ್ಯ ಸರಿಯಿಲ್ಲದೆ ಅವರೇ ಬಿಟ್ಟರು ಅಂತ ಹಾಕಿ." ನಾನು ಆಯ್ತು ಎಂದುಬಿಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ದುಗ್ಗಣ್ಣ ಉಚ್ಚಿಲದವರು. ಐಟಿಐ ಮುಗಿಸಿ ಕತಾರಿನ ದೋಹಾಕ್ಕೆ ಬಂದು ಮೊಬೈಲ್ ಟವರ್ ಹತ್ತುವ ಕೆಲಸಕ್ಕೆ ಸೇರಿದರು. ಮಂಡಿ ಸೋತ ಮೇಲೆ ಕಂಪನಿಯವರು ಕಂಪ್ಯೂಟರ್ ಮುಂದೆ ಕೂರಿಸಿದರು. ಟವರ್ ಎಲ್ಲಿ ನಿಲ್ಲಿಸಬೇಕು, ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ನಕ್ಷೆಯಲ್ಲಿ ಗುರುತಿಸುವ ಕೆಲಸ. ಇಪ್ಪತ್ತು ವರ್ಷ ಗುರುತಿಸಿದರು. ವರದಿಯ ಮೇಲೆ ಹೆಸರು ಮಾತ್ರ ಯಾವಾಗಲೂ ಯಾರೋ ಇಂಜಿನಿಯರನದ್ದು.

ರೋಶನ್‌ನನ್ನು ಅದೇ ಕಂಪನಿಗೆ ಸೇರಿಸಿದ್ದು ಅವರೇ. ಮೊದಲ ವರ್ಷ ಅವನು ಅಲ್ ಹಿಲಾಲ್ ಬಡಾವಣೆಯಲ್ಲಿ ದುಗ್ಗಣ್ಣ, ನಾನು ಇದ್ದ ರೂಮಿನಲ್ಲಿ ದುಗ್ಗಣ್ಣನ ಮಂಚದ ಮೇಲೆ ಮಲಗಿದ, ದುಗ್ಗಣ್ಣ ನೆಲದ ಮೇಲೆ. ಓದಿದವನು, ಆರು ವರ್ಷದಲ್ಲಿ ಅವರಿಗೇ ಮ್ಯಾನೇಜರ್ ಆದ. ಆದರೂ ಪ್ರತಿ ಶುಕ್ರವಾರ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದ.

ಎರಡು ವರ್ಷದ ಹಿಂದೆ ಅವರ ಕಂಪನಿಗೆ ಕೆರಿಬಿಯನ್ ಸಮುದ್ರದ ಸೇಂಟ್ ಬ್ರೆಂಡನ್ ಎಂಬ ಪುಟ್ಟ ದ್ವೀಪ ದೇಶದಿಂದ ಕೆಲಸ ಬಂತು. ಅಲ್ಲಿದ್ದದ್ದು ಎರಡೇ ಮೊಬೈಲ್ ಕಂಪನಿ. ಎರಡೂ ಪೇಟೆಗೆ, ಹಡಗುಕಟ್ಟೆಗೆ ಚೆನ್ನಾಗಿ ಸಿಗ್ನಲ್ ಕೊಟ್ಟು ಗುಡ್ಡದಾಚೆಯ ಹಳ್ಳಿಗಳನ್ನು ಮರೆತಿದ್ದವು. ಅದಕ್ಕೇ ಸರ್ಕಾರ ಮೂರನೆಯ ಕಂಪನಿಗೆ ಲೈಸೆನ್ಸ್ ಕೊಡಲು ಹೊರಟಿತ್ತು. ಒಂದು ವರ್ಷದೊಳಗೆ ಆ ಹಳ್ಳಿಗಳಿಗೆ ಸಿಗ್ನಲ್ ಮುಟ್ಟಬೇಕು, ಇಲ್ಲವಾದರೆ ಲೈಸೆನ್ಸ್ ವಾಪಸ್. ಲೈಸೆನ್ಸ್ ಕೇಳುವವರಿಗೆ ಟವರುಗಳ ನಕ್ಷೆ ಮಾಡಿಕೊಡುವುದು ದುಗ್ಗಣ್ಣನ ಪಾಲಿಗೆ ಬಂತು. ಈ ಸಲ ವರದಿಯಲ್ಲಿ ನಿಮ್ಮದೇ ಹೆಸರು ಎಂದಿದ್ದ ರೋಶನ್.

ಕಾಣದ ಆ ದ್ವೀಪವನ್ನು ದುಗ್ಗಣ್ಣ ಹಚ್ಚಿಕೊಂಡುಬಿಟ್ಟರು. "ತೆಂಗು, ಬಾಳೆ, ಜಡಿಮಳೆ. ನಮ್ಮ ಊರೇ ಮಾರಾಯ್ರೆ. ಮೀನಿಗೆ ಎಂಥ ಮಸಾಲೆ ಹಾಕ್ತಾರೋ, ಅದೊಂದು ಗೊತ್ತಿಲ್ಲ," ಎನ್ನುತ್ತಿದ್ದರು. ಅವರ ಲೆಕ್ಕಕ್ಕೆ ಮೂವತ್ತೊಂಬತ್ತು ಟವರ್ ಬೇಕಿತ್ತು. ರೋಶನ್ ಅದನ್ನು ಇಪ್ಪತ್ತೆಂಟಕ್ಕೆ ಇಳಿಸಿದ. ಆ ಶುಕ್ರವಾರ ಬಂಗುಡೆ ಸಾರಿನ ಮುಂದೆ ನಡೆದ ಮಾತು ನನಗೆ ಬಾಯಿಪಾಠ.

"ಇದು ಕತಾರ್ ಅಲ್ಲ ರೋಶನ್, ನೆಲ ಚಪ್ಪಟೆ ಇಲ್ಲ. ಗುಡ್ಡ ಅಡ್ಡ ಬರ್ತದೆ. ಮಳೆ ಜೋರಾದರೆ ಟವರಿಂದ ಟವರಿಗೆ ಹೋಗುವ ಲಿಂಕೇ ಕಡಿದುಹೋಗ್ತದೆ."

"ನೀವೆಂಥದು ದುಗ್ಗಣ್ಣ, ಮದುವೆ ಊಟಕ್ಕೆ ಬಡಿಸಿದ ಹಾಗೆ ಟವರ್ ಹಾಕ್ತೀರಿ! ಇಷ್ಟು ಖರ್ಚು ಹೇಳಿದರೆ ಮುಂದೆ ನಮಗೆ ಕೆಲಸ ಯಾರು ಕೊಡ್ತಾರೆ?"

"ಕಡಿಮೆ ಮಾಡುವುದಾದರೆ ಮಾಡು. ನನ್ನ ಏಳನೇ ಪುಟ ಮಾತ್ರ ತೆಗೀಬೇಡ. ಅಪಾಯ ಎಂಥದು ಅಂತ ಅದರಲ್ಲಿ ಉಂಟು."

"ಖಲಾಸ್, ತೆಗೆಯುವುದಿಲ್ಲ. ಆ ಸಾರು ಇತ್ತ ಕೊಡಿ."

ಅವನು ಹೋದ ಮೇಲೆ, ಇದನ್ನೊಂದು ಇಮೇಲ್ ಮಾಡಿಬಿಡಿ ಎಂದೆ. ದುಗ್ಗಣ್ಣನಿಗೆ ಸಿಟ್ಟು ಬಂತು. "ನನ್ನ ಬಟ್ಟಲಲ್ಲಿ ಉಂಡವನಿಗೆ ಇಮೇಲಾ? ನಾಳೆ ಅವನ ಮುಖ ಹೇಗೆ ನೋಡುವುದು?" ನಮ್ಮವರು ಹೀಗೇ. ಹೊರಗಿನವರಿಗೆ ಇಮೇಲ್, ನಮ್ಮವರಿಗೆ ತುಳುವಿನಲ್ಲಿ ಒಂದು ಮಾತು. ಬರೆದು ಕಳಿಸಿದರೆ ಅಪನಂಬಿಕೆ ಎಂದೇ ಅರ್ಥ.

ನಕ್ಷೆ ಮಾಡಿಸಿಕೊಂಡವರಿಗೆ ಲೈಸೆನ್ಸ್ ಸಿಕ್ಕಿತು. ಟವರುಗಳೂ ಎದ್ದವು. ಮೊದಲ ಮಳೆಗಾಲದಲ್ಲೇ ಗುಡ್ಡದಾಚೆಯ ಹಳ್ಳಿಗಳು ಮೂಕವಾದವು, ವರ್ಷ ತುಂಬಿದಾಗ ಲೈಸೆನ್ಸ್ ಹೋಯಿತು. ದೋಹಾದಲ್ಲಿ ಕಂಪನಿಯವರ ವಿಚಾರಣೆ ನಡೆಯಿತು. ವರದಿಯಲ್ಲಿ ಏಳನೇ ಪುಟ ಇರಲಿಲ್ಲ, ಎಂಟನೆಯದಕ್ಕೇ ಏಳು ಎಂದು ಸಂಖ್ಯೆ ಬಿದ್ದಿತ್ತು. ಸಿದ್ಧಪಡಿಸಿದವರು: ದುಗ್ಗು ಸಾಲ್ಯಾನ್. ಬದುಕಿನಲ್ಲಿ ಮೊದಲ ಸಲ ಅಚ್ಚಾದ ಹೆಸರು.

ದುಗ್ಗಣ್ಣ ಎಚ್ಚರಿಸಿದ್ದು ನಿಜವೇ ಎಂದು ಅಲ್ಲಿ ಕೇಳಿದಾಗ ರೋಶನ್, "ಅಂಥ ಇಮೇಲ್ ಯಾವುದೂ ನನಗೆ ಬಂದಿಲ್ಲ," ಎಂದನಂತೆ. ದುಗ್ಗಣ್ಣನನ್ನು ಕೆಲಸದಿಂದ ತೆಗೆದರು.

"ಸುಳ್ಳು ಹೇಳಲಿಲ್ಲ ನೋಡಿ," ಎಂದು ದುಗ್ಗಣ್ಣ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಏಳನೇ ಪುಟದ ಇಂಗ್ಲಿಷ್ ತಿದ್ದಿ ಟೈಪು ಮಾಡಿದ್ದು ನಾನೇ. ಫೈಲು ನನ್ನ ಕಂಪ್ಯೂಟರಿನಲ್ಲಿತ್ತು, ತಾರೀಕಿನ ಸಮೇತ. ಕೊಂಡುಹೋಗಿ ಕೊಡುತ್ತೇನೆ ಎಂದೆ.

"ಬೇಡ. ನೀವು ಕೊಟ್ಟರೆ ಅದು ಬರೀ ಸಾಕ್ಷಿ. ಅವನೇ ಒಂದು ಮಾತು ಹೇಳಲಿ. ಹೇಳ್ತಾನೆ."

ನಾಲ್ಕು ತಿಂಗಳು ಕಾದರು. ರೋಶನ್ ಬರುವುದು ನಿಂತಿದ್ದರೂ ಶುಕ್ರವಾರ ಮೂರು ಜನಕ್ಕೇ ಮೀನು ತರುತ್ತಿದ್ದರು. ಬೇರೆ ಕಂಪನಿಗಳಿಗೆ ಹೋದಲ್ಲೆಲ್ಲ ಸೇಂಟ್ ಬ್ರೆಂಡನ್ ಕಥೆ ಇವರಿಗಿಂತ ಮೊದಲೇ ತಲುಪಿರುತ್ತಿತ್ತು. ಅಲ್ ಸದ್ದ್‌ನಲ್ಲಿ ಒಂದು ಇಂಟರ್‌ವ್ಯೂ ಮುಗಿಸಿ ಬರುವಾಗ ಬಸ್ಸಿನ ಸೀಟಿನಲ್ಲೇ ಹೃದಯ ನಿಂತಿತು.

ಶ್ರದ್ಧಾಂಜಲಿ ಸಭೆಯಲ್ಲಿ ರೋಶನ್ ಅತ್ತ. "ನನಗೆ ಒಡಹುಟ್ಟಿದ ಅಣ್ಣನ ಹಾಗಿದ್ದರು," ಎಂದ. ಆಗಲೂ ಆ ಒಂದು ಮಾತು ಬರಲಿಲ್ಲ.

ಏಳನೇ ಪುಟದಲ್ಲಿ ಇದ್ದದ್ದು ಇಷ್ಟು: "ಇಪ್ಪತ್ತೆಂಟು ಟವರಿನಿಂದ ಗುಡ್ಡದಾಚೆಯ ಐದು ಹಳ್ಳಿಗಳಿಗೆ ಸಿಗ್ನಲ್ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಇನ್ನೂ ನಾಲ್ಕಕ್ಕೆ ಕಡಿಯುತ್ತದೆ. ಇದನ್ನು ತಿಳಿದೇ ಮುಂದುವರಿಯಬೇಕಾಗಿ ವಿನಂತಿ."

ದುಗ್ಗಣ್ಣ ಬೇಡ ಎಂದಿದ್ದನ್ನು ಮಾಡುತ್ತಿದ್ದೇನೆ. ಅವರು ಕಾದದ್ದು ಸಾಕು. ಈ ಲೇಖನವನ್ನು, ಆ ಫೈಲಿನ ಸಮೇತ, ಸಂಘದ ಎಲ್ಲ ಸದಸ್ಯರಿಗೂ ಅವರ ಹಳೆಯ ಕಂಪನಿಗೂ ಇಮೇಲ್ ಮಾಡಿದ್ದೇನೆ. ರೋಶನ್, ನಿನಗೂ ಕಳಿಸಿದ್ದೇನೆ.