ದಾಕ್ಷಾಯಣಮ್ಮನ ಚೊಂಬು

ನಾವಿಬ್ಬರೂ ಒಂದೇ ವರ್ಷ ಯಲ್ಲದಕೆರೆಗೆ ಸೊಸೆಯರಾಗಿ ಬಂದವರು, ನಾನು ಮತ್ತು ಪಕ್ಕದ ಹೊಲದ ದಾಕ್ಷಾಯಣಮ್ಮ. ಸೇವಂತಿಗೆ ಬೆಳೆಯುವುದರಲ್ಲಿ ಅವಳ ಮಾತೇ ಮಾತು. ಗಿಡ ಕವಲೊಡೆಯಲೆಂದು ಕುಡಿ ಚಿವುಟುತ್ತೇವಲ್ಲ, ಅದನ್ನು ರಾತ್ರಿ ಸೆಕೆ ಇರುವಷ್ಟು ದಿನ ಮಾಡಬಹುದು. ಥಂಡಿ ಬಿತ್ತೋ, ಗಿಡ ಮೊಗ್ಗಿಗೆ ತಿರುಗುತ್ತದೆ. ಆಮೇಲೆ ಚಿವುಟಿದರೆ ಹೂವೇ ಹೋಯಿತು. ಅವಳು ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ ರಾತ್ರಿ ಅಂಗಳದಲ್ಲಿಟ್ಟು, ಬೆಳಗ್ಗೆ ಎದ್ದವಳೇ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. ಚೊಂಬು ತಣ್ಣಗೈತೆ ಎಂದಳೆಂದರೆ ಊರಿಗೆ ಊರೇ ಚಿವುಟುವುದನ್ನು ನಿಲ್ಲಿಸುತ್ತಿತ್ತು.

ಹೋದ ಪುಷ್ಯದಲ್ಲಿ ಅವಳ ಗಂಡ ಮರುಳಸಿದ್ದಪ್ಪ ತೀರಿಕೊಂಡರು. ಅವರು ಉಳಿಸಿದ್ದ ತಾಯಿಗಿಡಗಳಿಂದಲೇ ಸಸಿ ಕಿತ್ತು ನೆಟ್ಟಳು. ವರ್ಷದ ಪೂಜೆಯ ದಿನ ಅವರನ್ನು ಮಣ್ಣು ಮಾಡಿದ ಗದ್ದುಗೆಯನ್ನು ಆ ಹೂವಿನಲ್ಲೇ ಮುಚ್ಚಬೇಕು, ಪೇಟೆ ಹೂವು ಒಂದೂ ತಗಲಬಾರದು. ಅದೊಂದೇ ಹಟ.

ಈ ಸಲ ದಸರಾ ಕಳೆದರೂ ಚೊಂಬು ತಣ್ಣಗಾಯಿತೆಂದು ಅವಳು ಹೇಳಲಿಲ್ಲ. ದೀಪಾವಳಿಯೂ ಆಗಿ ಇಪ್ಪತ್ತು ದಿನವಾಯಿತು. "ಇನ್ನೂ ಸೆಕೆನೇ ಐತೆ, ಚಿವುಟ್ರಿ" ಎಂದಳು. ನಾನು ಸ್ವೆಟರ್ ಹಾಕಿ, ತಲೆಗೆ ಸೆರಗು ಸುತ್ತಿಕೊಂಡು ಅವಳ ಸಾಲಿನಲ್ಲಿ ಕೂತು ಚಿವುಟಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಮೈ ನಡುಗುತ್ತಿದ್ದರೂ ನಂಬಿದ್ದು ಅವಳ ಚೊಂಬನ್ನೇ.

ಚಿವುಟಿದ ಕುಡಿಯನ್ನು ಹಸುವಿಗೆ ಹಾಕಲು ಹೋದ ಅವಳ ಸೊಸೆ ಕಾವ್ಯ, ಒಂದನ್ನು ಉಗುರಿನಿಂದ ಬಿಡಿಸಿ ನೋಡಿದಳು. ಹೆಸರುಕಾಳಿನಷ್ಟು ಹಸಿರು ಗಂಟು.

"ಅತ್ತೆ, ಇವೆಲ್ಲ ಮೊಗ್ಗು!"

ಓಡಿಹೋಗಿ ಅಂಗಳದ ಚೊಂಬು ಎತ್ತಿದಳು. "ಅಯ್ಯೋ, ಕೈ ಕೊರಿತೈತಲ್ಲ ಇದು!"

ದಾಕ್ಷಾಯಣಮ್ಮ ಅದನ್ನು ಕಿತ್ತುಕೊಂಡು ಅಂಗೈಗೆ ಒತ್ತಿಕೊಂಡಳು. ಆಮೇಲೆ ಕೆನ್ನೆಗೆ. ಬೆಚ್ಚಿಬಿದ್ದಳು.

"ಮುಖಕ್ಕೆ ತಣ್ಣಗೈತೆ ಕಣೇ. ಕೈಗೆ ಇಲ್ಲ."

ಹತ್ತು ವರ್ಷದ ಸಕ್ಕರೆ ಕಾಯಿಲೆ. ಕೈ ಜೋಮು ಹಿಡಿಯುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಮರುಕ.

ಪೂಜೆಯ ದಿನ ಹೊಲದಲ್ಲಿ ಒಂದು ಹೂವೂ ಇರಲಿಲ್ಲ. ಹಿರಿಯೂರಿನಿಂದ ತರುತ್ತೇನೆಂದ ಕಾವ್ಯಳ ಬಾಯನ್ನು ದಾಕ್ಷಾಯಣಮ್ಮ ಮುಚ್ಚಿಸಿದಳು. ಗದ್ದುಗೆಗೆ ವಿಭೂತಿ ಹಚ್ಚಿ, ಸೇವಂತಿಗೆಯ ಬರೀ ಸೊಪ್ಪು ಹಾಸಿ, ತಟ್ಟೆಯಲ್ಲಿ ಹಿಡಿ ಕರ್ಪೂರ ಹಚ್ಚಿ ಎತ್ತಿ ಹಿಡಿದಳು. ಉರಿ ಆರಿತು. ತಟ್ಟೆ ಇಳಿಸಲಿಲ್ಲ. ಬೆರಳು ಕೆಂಪಗಾಗಿ ಉಬ್ಬಿದ್ದನ್ನು ಕಂಡು ಕಿತ್ತುಕೊಂಡೆ.

"ಕೈ ಸುಡ್ತೈತಲ್ಲೇ, ಬಿಡಬಾರದಾ?"

ಅವಳು ಅಂಗೈಯನ್ನೇ ನೋಡಿದಳು.

"ಸುಡ್ತೈತಾ? ಅವತ್ತು ಚಳಿ ಬಿದ್ದಾಗ್ಲೂ ಹಿಂಗೇ ಹೇಳಬಾರದಿತ್ತೇನೇ ನೀನು?"