ಎರಡನೇ ಸಲ ಬಂದ ಪ್ಲೇಟು

ಕೊತ್ತತ್ತಿಯ ಕೆಂಪಸಿದ್ದಯ್ಯ ಕಾರ್ನೆಟ್ ಎಂಬ ಹಿತ್ತಾಳೆ ತುತ್ತೂರಿ ಊದುವುದನ್ನು ಕಲಿತದ್ದು ಮದ್ದೂರಿನ ಮಾದಯ್ಯನಿಂದ. ಅರಮನೆಯ ಬ್ಯಾಂಡಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ ಮಾದಯ್ಯ ಮದುವೆ ಮೆರವಣಿಗೆಗೆಂದು ಒಂದು ಬ್ಯಾಂಡ್‌ಸೆಟ್ ಕಟ್ಟಿದ್ದ. ನಾಲೆ ಬಯಲಿನಲ್ಲಿ ಗದ್ದೆಯಿದ್ದ ಒಕ್ಕಲು ಮನೆಯ ಹುಡುಗ ಆ ಸೆಟ್ಟಿಗೆ ಸೇರಿದ್ದು ಮನೆಯವರಿಗೆ ಹಿಡಿಸಲಿಲ್ಲ. "ಮೇಟಿ ಇಡಿಯೋ ಕೈಲಿ ತುತ್ತೂರಿ ಇಡ್ಕಂಡು ಬೀದಿ ಸುತ್ತೀಯೇನ್ಲಾ?" ಎಂದು ತಂದೆ ಅಪ್ಪಾಜಿ ಗದರಿದ್ದ. ಮಗ ಎದುರಾಡಲಿಲ್ಲ, ಬಿಡಲೂ ಇಲ್ಲ. ಹಗಲು ಗದ್ದೆ, ಲಗ್ನದ ದಿನಗಳಲ್ಲಿ ಬೀದಿ ಎಂದು ಹೇಗೋ ಸಾಗಿಸಿದ. ದುದ್ದದ ಚಿಕ್ಕನಂಜಮ್ಮನನ್ನು ಮದುವೆಯೂ ಆದ.

ಯುದ್ಧದ ಕಾಲದಲ್ಲಿ ಬೆಂಗಳೂರಿನ ದಂಡಿನಲ್ಲಿ ಸಿಪಾಯಿಗಳು ಕುಣಿಯುವ ಹಾಲ್‌ಗಳಿಗೆ ವಾದ್ಯದವರು ಸಾಲದಾದರು. ಕೆಂಪಸಿದ್ದಯ್ಯ ಹೆಂಡತಿಯನ್ನು ಊರಲ್ಲಿ ಬಿಟ್ಟು ಹೊರಟ. ಅಲ್ಲಿ ಅವನಿಗೆ ಜೋ ಎಂಬ ಅಮೆರಿಕದ ಕರಿಯ ಸಿಪಾಯಿಯ ಪರಿಚಯವಾಯಿತು. ಹಗಲೆಲ್ಲ ವಿಮಾನಗಳ ಎಂಜಿನು ಬಿಚ್ಚುತ್ತಿದ್ದ ಜೋ ಸಂಜೆ ಡ್ರಮ್ಮು ಬಾರಿಸುತ್ತಿದ್ದ. ತನ್ನ ಊರಿನಲ್ಲಿ ಆಗಷ್ಟೇ ಹುಟ್ಟಿದ್ದ ಸಂಗೀತವೊಂದನ್ನು ಅವನು ಬಾಯಲ್ಲೇ ಹಾಡಿ ತೋರಿಸುತ್ತಿದ್ದ. ಅದರ ಹೆಸರು ಬಾಪ್. ಹಾಡನ್ನು ಶುರುಮಾಡಿ, ಅದನ್ನು ಬಿಟ್ಟು ಎಲ್ಲೆಲ್ಲಿಗೋ ಓಡಿ, ತಾಳ ತಪ್ಪದೆ ಮತ್ತೆ ಬಂದು ಸೇರಿಕೊಳ್ಳುವ ಆಟ ಅದು. ಕೆಂಪಸಿದ್ದಯ್ಯನಿಗೆ ಹುಚ್ಚು ಹತ್ತಿತು. ಯುದ್ಧ ಮುಗಿಯುವ ವರ್ಷ ಒಂದು ಸಣ್ಣ ಕಂಪನಿ ಅವನನ್ನೇ ಮುಂದಾಳು ಮಾಡಿ ಗ್ರಾಮಫೋನ್ ಪ್ಲೇಟೊಂದನ್ನು ತಂದಿತು. ಪ್ಲೇಟು ಅಂಗಡಿಗಳನ್ನು ಮುಟ್ಟುವ ಮೊದಲೇ ಕಂಪನಿ ಬಾಗಿಲು ಹಾಕಿತು. ಜೋ ಹಡಗು ಹತ್ತಿದ. ಕೆಂಪಸಿದ್ದಯ್ಯ ತನ್ನ ಪಾಲಿಗೆ ಬಂದ ಒಂದೇ ಪ್ಲೇಟನ್ನು ಪಂಚೆಯಲ್ಲಿ ಸುತ್ತಿಕೊಂಡು ಊರಿಗೆ ಹೊರಟ. ಬಸ್ಸಿನ ಮೇಲಿಂದ ಗಂಟು ಇಳಿಸುವಾಗ ಪ್ಲೇಟು ಒಡೆದುಹೋಯಿತು.

"ನಂದೂ ಒಂದು ಪ್ಲೇಟಾಗಿತ್ತು" ಎಂದರೆ ಯಾರೂ ನಂಬಲಿಲ್ಲ. ಬಿಳಿಯರ ನಡುವೆ ಅಷ್ಟು ಕಾಲ ಇದ್ದವನು ಅಲ್ಲಿ ಏನು ಮಾಡುತ್ತಿದ್ದ ಎಂದು ಜನ ಅನುಮಾನಪಟ್ಟರು. ನಲವತ್ತೇಳರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರು ಸೀಮೆಗೆ ಜನರ ಸರ್ಕಾರ ಬಂದಿರಲಿಲ್ಲ. ಮಂಡ್ಯದ ಪೇಟೆಯಲ್ಲಿ ಶಿವಯ್ಯನ ಕಾಫಿ ಹೋಟೆಲು ಅದಕ್ಕಾಗಿ ಚಳವಳಿ ಹೂಡಿದವರು ಸೇರುವ ಜಾಗ. ಅಲ್ಲಿಗೆ ಕೆಂಪಸಿದ್ದಯ್ಯ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಚಳವಳಿಯ ಮುಂದಾಳುಗಳಲ್ಲಿ ಒಬ್ಬನಾದ ನಿಂಗಯ್ಯ ಚಿಕ್ಕನಂಜಮ್ಮನ ಸ್ವಂತ ಅಣ್ಣ. ಅವನೂ ಮುಖ ತಿರುಗಿಸಿ ಬೀಡಿ ಹಚ್ಚುತ್ತಿದ್ದ.

ಒಂದು ದಿನ ಆ ಹೋಟೆಲಿನ ಮುಂದೆ ಹೋಗುತ್ತಿದ್ದ ಕೆಂಪಸಿದ್ದಯ್ಯ ನಿಂತುಬಿಟ್ಟ. ಒಳಗಿನ ಗ್ರಾಮಫೋನಿನಿಂದ ಬರುತ್ತಿದ್ದದ್ದು ಅವನದೇ ಕಾರ್ನೆಟ್ಟು, ಅದರ ಹಿಂದೆ ಜೋನ ಡ್ರಮ್ಮು. ಬೇರೊಂದು ಕಂಪನಿ ಹಳೆಯ ಅಚ್ಚುಗಳನ್ನು ಕೊಂಡು ಪ್ಲೇಟನ್ನು ಮತ್ತೆ ಹೊರತಂದಿತ್ತು. ಶಿವಯ್ಯ ಬೆಂಗಳೂರಿನಿಂದ ತಂದ ಪ್ಲೇಟುಗಳ ಕಟ್ಟಿನಲ್ಲಿ ಅದೂ ಇತ್ತು.

"ಇದು ನಂದೇ ಕಣ್ರಪ್ಪ" ಎಂದು ಅವನು ಒಳಕ್ಕೆ ಬಂದ.

ನಿಂಗಯ್ಯ ಪ್ಲೇಟನ್ನು ಎತ್ತಿ ನಡುವಿನ ಕಾಗದ ಓದಿದ. "ಕೆನ್ ಸಿಡ್ನಿ ಅಂತ ಬರ್ದದೆ. ಕೆಂಪಸಿದ್ದಯ್ಯ ಎಲ್ಲವ್ನೆ ಇದ್ರಲ್ಲಿ?"

"ಅದು ನಾನೇಯ. ನನ್ನೆಸ್ರು ಆ ಸಿಪಾಯಿಗಳ ನಾಲಿಗೆಗೆ ಬತ್ತಿರ್ನಿಲ್ಲ. ಅಂಗೇ ಕರೀತಿದ್ರು. ಊಂ ಅಂತಿದ್ದೆ."

ನಿಂಗಯ್ಯ ಪ್ಲೇಟನ್ನು ಮೆಲ್ಲಗೆ ಕೆಳಗಿಟ್ಟ. "ಎಸ್ರು ಬದಲಾಯ್ಸ್ಕಂಡು ಓಡಾಡೋರು ಯಾರು ಅಂತ ನಮಗೂ ಗೊತ್ತು, ಬಾವ."

ಅಲ್ಲಿಯವರೆಗೆ ಅವನು ಸುಳ್ಳುಗಾರನಾಗಿದ್ದ. ಆ ದಿನದಿಂದ ಪೊಲೀಸರ ಕಡೆಯವನಾದ.

ಸೆಪ್ಟೆಂಬರಿನಲ್ಲಿ ಚಳವಳಿ ಬಿಸಿಯೇರಿತು. ದುದ್ದದಲ್ಲಿ ನಿಂಗಯ್ಯ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ದ ಕರಪತ್ರಗಳು ಪೊಲೀಸರಿಗೆ ಸಿಕ್ಕವು; ಅವರು ಅವನನ್ನು ಹಿಡಿದುಕೊಂಡು ಹೋದರು. ಆ ಜಾಗ ಮನೆಯ ಒಬ್ಬಿಬ್ಬರಿಗಲ್ಲದೆ ಇನ್ಯಾರಿಗೂ ಗೊತ್ತಿರಲಿಲ್ಲ. ಹಬ್ಬಕ್ಕೆಂದು ಆ ಮನೆಗೆ ಹೋಗಿಬಂದಿದ್ದ ಅಳಿಯ ಕೆಂಪಸಿದ್ದಯ್ಯನ ಕಡೆಗೆ ಎಲ್ಲರ ಬೆರಳೂ ತಿರುಗಿತು.

ಗಂಡ ಊಟಕ್ಕೆ ಕೂತಾಗ ಚಿಕ್ಕನಂಜಮ್ಮ ಕೇಳಿದಳು. "ನಿಜ ಯೋಳಿ. ನಮ್ಮಣ್ಣನ್ನ ಇಡ್ಸಿದ್ದು ನೀವಾ?"

ಅವನು ಅವಳ ಮುಖವನ್ನೇ ನೋಡಿದ. "ಅಲ್ಲ" ಎಂದ. ಅವಳು ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಅವನು ಕಾರ್ನೆಟ್ ಹಿಡಿದು ಮಂಡ್ಯಕ್ಕೆ ನಡೆದು, ಸರ್ಕಾರಿ ಕಚೇರಿಯ ಕಡೆಗೆ ಹೊರಟಿದ್ದ ಚಳವಳಿಯ ಮೆರವಣಿಗೆಯನ್ನು ಸೇರಿದ. ಅಕ್ಕಪಕ್ಕದವರು ದೂರ ಸರಿದರು. ಅವನು ಊದಿದ. ಮದುವೆಯಲ್ಲಿ ಊದುತ್ತಿದ್ದ ಮಟ್ಟಿನಿಂದ ಶುರುಮಾಡಿ, ಜೋ ಕಲಿಸಿದ ಹಾಗೆ ಅದನ್ನು ಬಿಟ್ಟು ಸ್ವರಗಳಲ್ಲಿ ಎಲ್ಲೆಲ್ಲಿಗೋ ಓಡಿದ. ಲಾಠಿ ಬೀಸುತ್ತ ಬಂದ ಪೊಲೀಸರು ಮೊದಲು ಹಿಡಿದದ್ದು ಅವನನ್ನೇ. ಕಾರ್ನೆಟ್ಟನ್ನು ಕಿತ್ತುಕೊಂಡರು.

ಮೈಸೂರಿನ ಜೈಲಿನಲ್ಲಿ ನಿಂಗಯ್ಯನಿದ್ದ ಕೋಣೆಗೇ ಅವನನ್ನೂ ಹಾಕಿದರು. ಅಲ್ಲಿಯೂ ಮಾತು ನಿಂತಿತು.

"ಒಳಗಿನ್ ಮಾತ್ ಕೇಳಕ್ಕೆ ಕಳ್ಸವ್ರೆ ಕಣ್ಲಾ" ಎಂದು ಯಾರೋ ಪಿಸುಗುಟ್ಟಿದ್ದು ಅವನಿಗೆ ಕೇಳಿಸಿತು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಲಾಠಿಯ ಪೆಟ್ಟಿಗೆ ಬಾತುಕೊಂಡಿದ್ದ ತುಟಿಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅದು ಮತ್ತೆ ಕಾರ್ನೆಟ್ಟಿಗೆ ಕೂಡುವುದೋ ಇಲ್ಲವೋ ಎಂಬ ದಿಗಿಲು ಅವನಿಗೆ.

ಕೆಲವು ವಾರಗಳ ಮೇಲೆ ನಿಂಗಯ್ಯನ ಮನೆಯಲ್ಲೇ ಇದ್ದ ಅವನ ಸೋದರತ್ತೆ ದೊಡ್ಡತಾಯಮ್ಮ ಅವನನ್ನು ನೋಡಲು ಬಂದಳು. ಅಳುತ್ತಲೇ ಹೇಳಿದಳು: "ಪೊಲೀಸ್ನೋರು ಗಾಡಿ ನಿಲ್ಸಿ ಎತ್ಗೆ ಒಂದ್ ಇಡಿ ಉಲ್ಲು ಕೊಡವ್ವ ಅಂದ್ರು ಕಣಪ್ಪ. ನನ್ ಕೈಲಿ ಆಗಾಕಿಲ್ಲ, ಮೆದೆಯಿಂದ ನೀವೇ ಇರ್ಕಳಿ ಅಂದೆ. ಕಾಗ್ದ ಅಲ್ಲಿರಾದು ನಂಗೇನ್ ಗೊತ್ತು? ಯೋಳಕ್ಕೆ ಬಯ ಆಯ್ತು."

ನಿಂಗಯ್ಯ ಕೋಣೆಗೆ ಬಂದು ಭಾವನ ಪಕ್ಕ ಕೂತ.

"ತಪ್ಪಾಯ್ತು, ಬಾವ. ಅತ್ತೇನೇ ಯೋಳುದ್ಲು" ಎಂದು ನಡೆದದ್ದನ್ನು ತಿಳಿಸಿದ.

"ಊಂ" ಎಂದ ಕೆಂಪಸಿದ್ದಯ್ಯ.

ಅಕ್ಟೋಬರಿನಲ್ಲಿ ಅರಮನೆಯೊಂದಿಗೆ ರಾಜಿಯಾಗಿ ಎಲ್ಲರನ್ನೂ ಬಿಟ್ಟರು. ಮಂಡ್ಯದ ರೈಲ್ವೆ ಸ್ಟೇಷನ್ನಿನಲ್ಲಿ ಹಾರ ಹಾಕಲು ಜನ ಸೇರಿದ್ದರು. ಕೆಂಪಸಿದ್ದಯ್ಯ ರೈಲಿನ ಹಿಂದಿನ ಬಾಗಿಲಿನಿಂದ ಇಳಿದು, ಪೊಲೀಸ್ ಠಾಣೆಯಲ್ಲಿ ಕಾರ್ನೆಟ್ಟನ್ನು ಕೇಳಿ ಪಡೆದು, ನಾಲೆಯ ಏರಿ ಹಿಡಿದು ಮನೆಗೆ ಹೋದ.

ಚಿಕ್ಕನಂಜಮ್ಮ ಕಾಲಿಗೆ ನೀರು ಕೊಟ್ಟಳು. ದೊಡ್ಡತಾಯಮ್ಮ ಅವಳಿಗೂ ಎಲ್ಲ ಹೇಳಿದ್ದಳು.

"ನಾನು ಅಂಗೆ ಕೇಳ್ಬಾರ್ದಾಗಿತ್ತು" ಎಂದಳು.

"ಕೇಳಿದ್ದು ಒಳ್ಳೇದಾಯ್ತು ಬುಡು" ಎಂದ ಅವನು. "ಮಿಕ್ಕೋರು ಕೇಳ್ನೇ ಇಲ್ಲ."