ಅಪ್ಪ ಒಪ್ಪಿಕೊಂಡ ವ್ಯಾಗನ್

ಅಪ್ಪ ಸತ್ತ ಸುದ್ದಿಯನ್ನು ಊರಿಗೆಲ್ಲ ಹೇಳಿ ಕಳಿಸಿದೆವು, ರೈಲ್ವೆ ಸ್ಟೇಷನ್ನಿಗೆ ಮಾತ್ರ ಹೇಳಲಿಲ್ಲ. ಹೇಳಬಾರದೆಂದು ತೀರ್ಮಾನಿಸಿದವನು ನಾನೇ. ಆಗ ನನಗೆ ಇಪ್ಪತ್ನಾಲ್ಕು ವಯಸ್ಸು. ಮೂಗಿನ ತುದಿಯಲ್ಲೇ ಕೋಪ, ಬುದ್ಧಿಯೆಲ್ಲ ನನಗೊಬ್ಬನಿಗೇ ಇದೆ ಅನ್ನುವ ಜಂಬ.

ಅದು ಎಂಬತ್ತರ ದಶಕದ ನಡುಭಾಗ. ತಮಿಳುನಾಡಿನ ಅವಿನಾಶಿಗೆ ಹತ್ತಿರದ ನಮ್ಮೂರಿನಲ್ಲಿ ಅಪ್ಪ ದವಸದ ಮಂಡಿ ನಡೆಸುತ್ತಿದ್ದರು. ಆ ವರ್ಷ ತಿರುಚ್ಚಿಯ ಆಚೆಯ ಒಣಸೀಮೆಯ ರೈತರಿಗೆ ಬಿತ್ತನೆ ಜೋಳ ಕಳಿಸುತ್ತೇನೆಂದು ಮಾತು ಕೊಟ್ಟಿದ್ದರು. ತಮಿಳರ ಪುರಟ್ಟಾಸಿ ತಿಂಗಳ ಮಳೆಗೆ ಮೊದಲು ಜೋಳ ಅಲ್ಲಿ ಮುಟ್ಟಬೇಕು, ಇಲ್ಲದಿದ್ದರೆ ಅವರ ಹೊಲಗಳು ಬೀಳು. ಲಾರಿಗಳೆಲ್ಲ ಹತ್ತಿ, ನೂಲಿನ ಹಿಂದೆ ಬಿದ್ದಿದ್ದವು. ಉಳಿದದ್ದು ರೈಲು. ಆದರೆ ಇಡೀ ಗೂಡ್ಸ್ ಗಾಡಿ ತುಂಬಿಸುವವರಿಗೆ ಸಿಗುತ್ತಿದ್ದ ಮರ್ಯಾದೆ, ಒಂದೇ ಒಂದು ವ್ಯಾಗನ್ ಕೇಳುವ ನಮ್ಮಂಥ ಸಣ್ಣ ಮಂಡಿಯವರಿಗೆ ಸಿಗುತ್ತಿರಲಿಲ್ಲ. ಸರದಿ ಪುಸ್ತಕದಲ್ಲಿ ಹೆಸರು ಬರೆಸಿದವನಿಗೆ ವ್ಯಾಗನ್ ಕೊಡುವುದು ನಿಮ್ಮ ಕರ್ತವ್ಯ, ಭಿಕ್ಷೆಯಲ್ಲ ಎಂದು ಅಪ್ಪ ಅರ್ಜಿಯ ಮೇಲೆ ಅರ್ಜಿ ಹಾಕಿ, ಜಗಳವಾಡಿ, ಚಪ್ಪಲಿ ಸವೆಸಿ ಎರಡನೆಯ ಜಾಗಕ್ಕೆ ಬಂದಿದ್ದರು. ಪುರಟ್ಟಾಸಿಗೆ ಹಿಂದಿನ ಆವಣಿ ತಿಂಗಳ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಸರದಿ ಅಪ್ಪನ ಹೆಸರಿನಲ್ಲಿತ್ತು. ಹೆಸರಿನವರೇ ಇಲ್ಲವೆಂದರೆ ಸರದಿಯೂ ಹೋದೀತೆಂದು ನಾನು ಹೆದರಿದೆ. ನಮ್ಮ ಮನೆತನದಲ್ಲಿ ಸೂತಕದ ಹನ್ನೊಂದು ದಿನ ಯಾರೂ ದವಸ ಮುಟ್ಟುವಂತಿಲ್ಲ. ಬಿತ್ತನೆ ಕಾಳು ಇಟ್ಟ ಕೋಣೆಯ ಬಾಗಿಲನ್ನೂ ತೆಗೆಯುವಂತಿಲ್ಲ. ಸೂತಕದವರ ಕೈ ತಾಗಿದ ಕಾಳು ಮೊಳೆಯುವುದಿಲ್ಲ ಅನ್ನುತ್ತಾರೆ. ಹನ್ನೊಂದು ದಿನ ಸ್ಟೇಷನ್ನಿನವರ ಪಾಲಿಗೆ ಅಪ್ಪ ಬದುಕಿರಲಿ, ಆಮೇಲೆ ನೋಡೋಣ ಅಂದೆ.

ನನ್ನನ್ನು ಮುದ್ದಿಗೆ ಕಣ್ಣು ಅನ್ನುತ್ತಿದ್ದ ಅವ್ವ ನನ್ನನ್ನೇ ನೋಡಿದಳು. "ಬದುಕವ್ರೆ ಅಂತ ನೀ ಇಟ್ಕೊಂಡ್ರೆ ಅವ್ರು ಸುಮ್ನೆ ಕೂತ್ಕತಾರಾ ಕಣ್ಣು?" ಅಂದಳು. ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದುಕೊಂಡೆ.

ಹನ್ನೆರಡನೆಯ ದಿನ ಸೈಕಲ್ ಹತ್ತಿ ಸ್ಟೇಷನ್ನಿಗೆ ಹೋದೆ. ಗೂಡ್ಸ್ ಗುಮಾಸ್ತರು ವಯಸ್ಸಾದವರು, ಅಪ್ಪನ ಹಳೆಯ ಜಗಳದ ಜೊತೆಗಾರರು. ನನ್ನನ್ನು ಕಂಡದ್ದೇ ತಮಿಳಿನಲ್ಲಿ ರೇಗಿದರು. "ಏನು ತಂಬಿ, ವ್ಯಾಗನ್ ಕೊಡಲಿಲ್ಲ ಅಂತ ವರ್ಷವೆಲ್ಲ ಜಗಳ, ಕೊಟ್ಟರೆ ತುಂಬಿಸೋಕೆ ಜನ ಇಲ್ಲವಾ? ಬುಧವಾರ ಮಧ್ಯಾಹ್ನ ನಿಮ್ಮಪ್ಪ ಬಂದು ಒಪ್ಪಿಕೊಂಡು ಹೋದರು. ಸಂಜೆಯವರೆಗೂ ಒಂದು ಮೂಟೆ ಬರಲಿಲ್ಲ. ಸರದಿ ರದ್ದಾಯಿತು."

ಬುಧವಾರವೆಂದರೆ ಅಪ್ಪ ಸತ್ತ ಒಂಬತ್ತನೆಯ ದಿನ.

ಅವರು ಪುಸ್ತಕವನ್ನು ನನ್ನತ್ತ ತಿರುಗಿಸಿದರು. ಅಪ್ಪನ ಬಲಗೈ ಹೆಬ್ಬೆರಳು ಒಮ್ಮೆ ತೂಕದ ಕಲ್ಲಿನಡಿ ಸಿಕ್ಕಿ ಜಜ್ಜಿಹೋಗಿತ್ತು. ಅಂದಿನಿಂದ ಸಹಿಯ ಕೊನೆಯ ಗೆರೆ ಕೆಳಕ್ಕೆ ಜಾರುತ್ತಿತ್ತು. ಪುಸ್ತಕದಲ್ಲೂ ಜಾರಿತ್ತು.

"ಏನಾದರೂ ಮಾತಾಡಿದರಾ?" ಎಂದು ಕೇಳಿದೆ.

"ಇಲ್ಲ. ನನ್ನ ಮೇಲಿನ ಸಿಟ್ಟು ಇಳಿದಿಲ್ಲ ಅಂದುಕೊಂಡೆ. ವ್ಯಾಗನ್ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ತುಂಬಾ ಹೊತ್ತು ಒಳಗೇ ಇದ್ದರು. ಬಂದರು, ಸಹಿ ಹಾಕಿದರು, ಹೋದರು."

ಎಂಜಿನ್ ಸಿಗದೆ ಆ ವ್ಯಾಗನ್ ಇನ್ನೂ ಹಳಿಯ ಕೊನೆಯಲ್ಲೇ ನಿಂತಿತ್ತು. ದವಸದವರು ವ್ಯಾಗನ್ ಒಪ್ಪಿಕೊಳ್ಳುವ ಮೊದಲು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ನಿಲ್ಲಬೇಕು. ತಗಡಿನಲ್ಲಿ ತೂತುಗಳಿದ್ದರೆ ಕತ್ತಲಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅಪ್ಪ ಹಳೇ ಪಂಚೆಯ ಚೂರುಗಳನ್ನು ಬೇವಿನೆಣ್ಣೆ, ಸಗಣಿಯಲ್ಲಿ ಅದ್ದಿ ಒಂದೊಂದೇ ತೂತಿಗೆ ತುರುಕುತ್ತಿದ್ದರು. ನಮ್ಮ ಕಡೆ ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ನಾನೂ ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಒಂದೇ ಒಂದು ಚುಕ್ಕೆ ಬೆಳಕಿರಲಿಲ್ಲ. ಗೋಡೆಯ ಮೇಲೆ ಕೈಯಾಡಿಸಿದೆ. ಬೆರಳಿಗೆ ಬಟ್ಟೆಯ ಉಂಡೆಗಳು ಸಿಕ್ಕವು, ಮೂಗಿಗೆ ಬೇವಿನೆಣ್ಣೆಯ ವಾಸನೆ ಬಂತು. ಮೂರು ದಿನ ಕಾದ ತಗಡಿನಲ್ಲಿ ಅವು ಇನ್ನೂ ಹಸಿಯಾಗಿದ್ದವು. ನನ್ನ ಉಸಿರು ನಿಂತಾಗಲೂ ಪಕ್ಕದಲ್ಲಿ ಯಾರೋ ಉಸಿರಾಡುವುದು ಕೇಳಿಸಿತು. ಬಾಗಿಲು ತಳ್ಳಿ ಹೊರಕ್ಕೆ ಬಿದ್ದವನ ಮೊಣಕಾಲು ಜಲ್ಲಿಯಲ್ಲಿ ತರಚಿತು.

ಗುಮಾಸ್ತರಿಗೆ ನಿಜ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತೇ ಹೇಳಿದ್ದರೆ ಮಗನ ಹೆಸರಿಗೆ ಸರದಿ ಬದಲಾಯಿಸಿ ಕೊಡುತ್ತಿದ್ದೆನಲ್ಲಪ್ಪಾ. ಅದಕ್ಕೊಂದು ಕಾಗದ ಸಾಕಿತ್ತು" ಅಂದರು.

ಸರದಿ ರದ್ದಾದದ್ದರ ಬಗ್ಗೆ ನಾನು ಮೇಲಿನವರಿಗೆ ದೂರು ಬರೆದೆ. ವಾರದೊಳಗೆ ಒಬ್ಬ ಅಧಿಕಾರಿ ಸ್ಟೇಷನ್ನಿಗೆ ವಿಚಾರಣೆಗೆ ಬಂದರು. ಅವರ ಲೆಕ್ಕ ಸರಳವಾಗಿತ್ತು. ಸಾವನ್ನು ಆಗ ಸ್ಟೇಷನ್ನಿಗೆ ಯಾರೂ ತಿಳಿಸಿಲ್ಲ, ಆದ್ದರಿಂದ ನೋಡಬೇಕಾದದ್ದು ಪುಸ್ತಕದ ಸಹಿಯನ್ನು ಮಾತ್ರ. ಸಹಿ ಅಪ್ಪನದಾದರೆ ರೈಲ್ವೆ ತನ್ನ ಕರ್ತವ್ಯ ಮಾಡಿದೆ, ತುಂಬಿಸದ ತಪ್ಪು ನಮ್ಮದು. ಸಹಿ ಬೇರೆಯವರದಾದರೆ ವ್ಯಾಗನ್ನನ್ನು ತಪ್ಪು ಮನುಷ್ಯನಿಗೆ ತೋರಿಸಿದ್ದಾರೆ, ಇನ್ನೊಂದನ್ನು ಕೊಡಲೇಬೇಕು.

ಸಹಿಯ ವಿಷಯ ನನ್ನಿಂದ ಕೇಳಿದ್ದ ಅವ್ವ, ವಿಚಾರಣೆಗೆ ಹೊರಡುವಾಗ ಬಾಗಿಲಲ್ಲಿ ತಡೆದಳು. "ಜೋಳ ಹೋಗ್ಲಿಲ್ಲಾಂದ್ರೆ ಹೋಗ್ಲಿಲ್ಲ. ಅವ್ರ ಕೈಯೇ ಆದ್ರೆ ಇಲ್ಲಾಂತ ಮಾತ್ರ ಅನ್ಬೇಡ."

ಅಧಿಕಾರಿ ಪುಸ್ತಕವನ್ನು ನನ್ನ ಮುಂದಿಟ್ಟರು. ಮಳೆಗೆ ಮೂರು ವಾರವೂ ಉಳಿದಿರಲಿಲ್ಲ. ಆ ರೈತರ ಮುಖ ನಾನು ನೋಡಿರಲಿಲ್ಲ, ಆದರೆ ಅವರಿಗೆ ಕೊಟ್ಟ ಮಾತು ಅಪ್ಪನದು. ಮಾತು ಉಳಿಸಬೇಕಾದರೆ ಆ ಮಾತು ಕೊಟ್ಟವರ ಕೈಯನ್ನೇ ಅಲ್ಲಗಳೆಯಬೇಕು. ಗುಮಾಸ್ತರು ನನ್ನನ್ನೇ ನೋಡುತ್ತಿದ್ದರು. ಸಹಿ ಯಾರದೆಂದು ನನಗೆ ಗೊತ್ತೆಂಬುದು ಅವರಿಗೆ ಗೊತ್ತಿತ್ತು.

"ಇದು ನಮ್ಮಪ್ಪನ ಸಹಿ ಅಲ್ಲ" ಅಂದೆ. "ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ."

ಐದನೆಯ ದಿನ ವ್ಯಾಗನ್ ಬಂತು. ತುಂಬಿಸಿದೆವು. ಜೋಳ ಮಳೆಗೆ ಮೊದಲೇ ಮುಟ್ಟಿತೆಂದು, ಚೆನ್ನಾಗಿ ಮೊಳೆಯಿತೆಂದು ಆಮೇಲೆ ಕಾಗದ ಬಂತು. ಅದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರದಿಂದ ತಲೆಯೆತ್ತಲಿಲ್ಲ.

"ಅಲ್ಲಿ ಏನಂದೆ?" ಎಂದು ಕೇಳಿದಳು.

"ಅಪ್ಪನದಲ್ಲ ಅಂದೆ."

ಅವಳ ಬೆರಳುಗಳು ಅಕ್ಕಿಯಲ್ಲಿ ನಿಂತವು. "ದಿನಾ ಮಧ್ಯಾಹ್ನ ಜಗಲಿ ಮೇಲೆ ಬಂದು ಕೂತ್ಕತಿದ್ರು" ಅಂದಳು, "ನಿಂಗೆ ಭಯ ಆಗ್ತದೇಂತ ನಾ ಹೇಳ್ಲಿಲ್ಲ. ನೀ ಸ್ಟೇಷನ್‌ಗೆ ವಿಚಾರಣೆಗೆ ಹೋಗಿ ಬಂದ ದಿನದಿಂದ ಬರ್ಲಿಲ್ಲ. ಹೆತ್ತ ಮಗನೇ ಯಾರೋ ಗೊತ್ತಿಲ್ಲ ಅಂದ್ಮೇಲೆ ಯಾರ ಮನೆಗೇಂತ ಬರ್ತಾರೆ?"